ಸಂಸತ್ತಿಗೆ ಹೋದ ವೈದ್ಯರು ಆರೋಗ್ಯ ನೀತಿಯ ಚರ್ಚೆಯಲ್ಲಿ ಮಾಡಬೇಕಾದ ಕೆಲಸವೇನು?

ಪ್ರಶ್ನೆ: ನಾನು ಶಿವಮೊಗ್ಗ ಜಿಲ್ಲೆಯ ನಿವೃತ್ತ ಪ್ರೌಢಶಾಲಾ ಶಿಕ್ಷಕ. 2024ರ ಲೋಕಸಭಾ ಚುನಾವಣೆಯಲ್ಲಿ ನಮ್ಮ ರಾಜ್ಯದಿಂದ ಹೃದ್ರೋಗ ತಜ್ಞ ಡಾ. ಸಿ.ಎನ್. ಮಂಜುನಾಥ್ ಅವರೂ ಸೇರಿದಂತೆ ವೈದ್ಯಕೀಯ ಹಿನ್ನೆಲೆಯ ಕೆಲವರು ಆರಿಸಿ ಹೋದರು. ವೈದ್ಯರೇ ಸಂಸತ್ತಿನಲ್ಲಿದ್ದರೆ ಆರೋಗ್ಯ ನೀತಿ ತಾನಾಗಿ ಸುಧಾರಿಸುತ್ತದೆ ಎಂದು ನಮ್ಮ ಮನೆಯಲ್ಲಿ ಒಬ್ಬರು ಹೇಳುತ್ತಾರೆ. ಅವರು ತಮ್ಮ ವೃತ್ತಿಯವರನ್ನೇ ಕಾಪಾಡಿಕೊಳ್ಳುತ್ತಾರೆ ಎಂದು ಇನ್ನೊಬ್ಬರು ವಾದಿಸುತ್ತಾರೆ. ನಿಜವಾಗಿ ಸದನದ ಚರ್ಚೆಯಲ್ಲಿ ವೈದ್ಯ ಸದಸ್ಯರ ಪಾತ್ರವೇನು? ಮತದಾರರಾಗಿ ನಾವು ಅವರನ್ನು ಏನು ಕೇಳಬೇಕು?

ಉತ್ತರ: ನಿಮ್ಮ ಮನೆಯ ಇಬ್ಬರ ಮಾತಿನಲ್ಲೂ ಹುರುಳಿದೆ. ನಾನು ಹನ್ನೆರಡು ವರ್ಷ ತಾಲ್ಲೂಕು ಆಸ್ಪತ್ರೆಗಳಲ್ಲಿ ಹೆರಿಗೆ ತಜ್ಞೆಯಾಗಿ ದುಡಿದವಳು. ಆಮೇಲೆ ಸಮುದಾಯ ವೈದ್ಯಶಾಸ್ತ್ರ ಕಲಿಸುತ್ತಾ, ಆರೋಗ್ಯಕ್ಕೆ ಸಂಬಂಧಿಸಿದ ಮಸೂದೆಗಳನ್ನೂ ಸಂಸದೀಯ ಸಮಿತಿಗಳ ವರದಿಗಳನ್ನೂ ಬಿಡದೆ ಓದುವ ರೂಢಿ ಮಾಡಿಕೊಂಡೆ. ಆ ಎರಡೂ ಅನುಭವಗಳಿಂದ ನನಗೆ ತೋಚಿದ್ದು ಇಷ್ಟು: ಕಾಗದದ ಮೇಲಿನ ಒಂದು ಕಲಂ ನಾಳೆ ವಾರ್ಡಿನಲ್ಲಿ, ಲೇಬರ್ ರೂಮಿನಲ್ಲಿ, ಮರಣ ಪ್ರಮಾಣಪತ್ರದ ಸಾಲಿನಲ್ಲಿ ಏನಾಗಿ ನಿಲ್ಲುತ್ತದೆ ಎಂಬುದನ್ನು ವೈದ್ಯರು ಮೊದಲೇ ಕಾಣಬಲ್ಲರು, ಅವರ ಉಪಯೋಗ ಇರುವುದು ಅಲ್ಲಿ. ಆದರೆ ಆಸ್ಪತ್ರೆಯ ಬಾಗಿಲು ದಾಟಿ ಒಳಗೆ ಬಂದವರನ್ನಷ್ಟೇ, ಅದೂ ಮೇಜಿನ ಈಚೆ ಕುಳಿತು ನೋಡಿ ಅವರ ಕಣ್ಣು ಪಳಗಿರುತ್ತದೆ, ಅಪಾಯ ಇರುವುದು ಇಲ್ಲಿ.

ಮೊದಲು ಒಂದು ತಪ್ಪುಕಲ್ಪನೆಯನ್ನು ಬದಿಗಿಡೋಣ. ಒಳ್ಳೆಯ ಆರೋಗ್ಯ ನೀತಿ ರೂಪಿಸಲು ವೈದ್ಯ ಪದವಿ ಬೇಕೇಬೇಕು ಎಂದೇನೂ ಇಲ್ಲ. ಸ್ವತಂತ್ರ ಭಾರತದ ಮೊದಲ ಆರೋಗ್ಯ ಸಚಿವೆ ರಾಜಕುಮಾರಿ ಅಮೃತ್ ಕೌರ್ ವೈದ್ಯೆಯಾಗಿರಲಿಲ್ಲ. ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಮಸೂದೆಯನ್ನು 1956ರಲ್ಲಿ ಲೋಕಸಭೆಗೆ ತಂದವರು ಅವರೇ. ಅದಕ್ಕೂ ಮೊದಲು, 1943ರಿಂದ 1946ರವರೆಗೆ ದುಡಿದು ಪ್ರಾಥಮಿಕ ಆರೋಗ್ಯ ಕೇಂದ್ರಗಳ ಕಲ್ಪನೆಗೆ ಆಕಾರ ಕೊಟ್ಟ ಭೋರ್ ಸಮಿತಿಯ ಅಧ್ಯಕ್ಷರು ಒಬ್ಬ ಆಡಳಿತಾಧಿಕಾರಿ. ಇವರಿಬ್ಬರೂ ವೈದ್ಯರ ಮಾತನ್ನು ಕೇಳಿಸಿಕೊಂಡರು, ಆದರೆ ತೀರ್ಮಾನವನ್ನು ವೈದ್ಯರ ಕೈಗೇ ಬಿಟ್ಟುಕೊಡಲಿಲ್ಲ. ಹಾಗಾದರೆ ಸದನದೊಳಗೇ ಒಬ್ಬ ವೈದ್ಯರು ಇದ್ದುದರಿಂದ ಹೆಚ್ಚುವರಿಯಾಗಿ ಸಿಗುವುದೇನು? ಇದನ್ನು ಉದಾಹರಣೆಗಳ ಮೂಲಕವೇ ಹೇಳಬೇಕು.

ನನ್ನ ವಿಷಯವಾದ್ದರಿಂದ ಗರ್ಭಪಾತದ ಕಾನೂನಿನಿಂದ ಶುರು ಮಾಡುತ್ತೇನೆ. 1971ರ ವೈದ್ಯಕೀಯ ಗರ್ಭಪಾತ ಕಾಯ್ದೆ, ತಾಯಿಯ ಜೀವ ಉಳಿಸಬೇಕಾದ ಸಂದರ್ಭವನ್ನು ಬಿಟ್ಟರೆ, 20 ವಾರಗಳ ಗಡಿ ಹಾಕಿತ್ತು. ಆಗ ನಮ್ಮಲ್ಲಿ ಗರ್ಭಿಣಿಯರಿಗೆ ಸ್ಕ್ಯಾನಿಂಗ್ ಎಂಬುದೇ ಇರಲಿಲ್ಲವಾದ್ದರಿಂದ ಆ ಗಡಿಯನ್ನು ಯಾರೂ ಪ್ರಶ್ನಿಸಬೇಕಾಗಿರಲಿಲ್ಲ. ಮುಂದೆ ಭ್ರೂಣದ ಅಂಗಾಂಗ ದೋಷಗಳನ್ನು ಪತ್ತೆಹಚ್ಚುವ ಸ್ಕ್ಯಾನ್ ಬಂತು. ಅದನ್ನು ಸಾಮಾನ್ಯವಾಗಿ ಮಾಡುವುದು 18ರಿಂದ 20 ವಾರಗಳ ನಡುವೆ, ಏಕೆಂದರೆ ಅದಕ್ಕಿಂತ ಮೊದಲು ಮಗುವಿನ ಹೃದಯದ ಕೋಣೆಗಳು ಸ್ಪಷ್ಟವಾಗಿ ಕಾಣುವುದಿಲ್ಲ. ಹಳ್ಳಿಯ ಹೆಣ್ಣುಮಗಳೊಬ್ಬಳು 19ನೇ ವಾರದಲ್ಲಿ ಸ್ಕ್ಯಾನಿಗೆ ಬಂದಳು ಎಂದಿಟ್ಟುಕೊಳ್ಳಿ. ವರದಿಯಲ್ಲಿ ಅನುಮಾನ ಬಂದರೆ ಜಿಲ್ಲಾ ಕೇಂದ್ರದಲ್ಲಿ ಇನ್ನೊಂದು ಸ್ಕ್ಯಾನ್ ಆಗಬೇಕು, ತಜ್ಞರು ಸಿಗುವುದು ಮುಂದಿನ ವಾರ, ಗಂಡ ಕೂಲಿ ಬಿಟ್ಟು ಬಸ್ಸಿನ ಖರ್ಚು ಹೊಂದಿಸಿಕೊಂಡು ಹೊರಡಬೇಕು. ಅಷ್ಟರಲ್ಲಿ 21 ವಾರ ತುಂಬಿರುತ್ತದೆ. ರೋಗ ಗೊತ್ತಾಗುವ ದಿನವೂ ಕಾನೂನಿನ ಬಾಗಿಲು ಮುಚ್ಚುವ ದಿನವೂ ಒಂದೇ ಆಗಿಬಿಟ್ಟಿತ್ತು. 2008ರಲ್ಲಿ ಮುಂಬಯಿಯ ದಂಪತಿ ಇಂಥದೇ ಸ್ಥಿತಿಯಲ್ಲಿ ಹೈಕೋರ್ಟಿನ ಮೊರೆ ಹೋಗಿ ಬರಿಗೈಯಲ್ಲಿ ಮರಳಿದ ಮೇಲೆ ಈ ಮಾತು ದೇಶಕ್ಕೆಲ್ಲ ಕೇಳಿಸಿತು. ಆದರೂ ಕೆಲವು ವರ್ಗದ ಹೆಂಗಸರಿಗೆ ಆ ಗಡಿಯನ್ನು 24 ವಾರಕ್ಕೆ ಏರಿಸಿದ ತಿದ್ದುಪಡಿ ಲೋಕಸಭೆ ದಾಟಿದ್ದು 2020ರ ಮಾರ್ಚಿನಲ್ಲಿ, ರಾಜ್ಯಸಭೆ ದಾಟಿದ್ದು 2021ರ ಮಾರ್ಚಿನಲ್ಲಿ.

ಮೇಲಿನ ಪ್ಯಾರಾವನ್ನು ಸದನದಲ್ಲಿ ಹೇಳಲು ಮೂರು ನಿಮಿಷ ಸಾಕು. ಗರ್ಭಿಣಿಯ ಹೊಟ್ಟೆಯ ಮೇಲೆ ಕೈಯಿಟ್ಟು ವಾರ ಎಣಿಸಿದವರು ಅದನ್ನು ಹೇಳುವ ರೀತಿಗೂ ಟಿಪ್ಪಣಿ ಓದಿ ಹೇಳುವ ರೀತಿಗೂ ವ್ಯತ್ಯಾಸವಿದೆ. ಅಷ್ಟೇ ಮುಖ್ಯವಾಗಿ, ಹೊಸ ಕಾನೂನಿನಲ್ಲಿ ಎಡವುವ ಜಾಗವನ್ನೂ ಅವರು ಗುರುತಿಸಬಲ್ಲರು. 24 ವಾರ ದಾಟಿದ ಮೇಲೆ ಭ್ರೂಣದಲ್ಲಿ ತೀವ್ರ ದೋಷವಿದ್ದರೆ ವೈದ್ಯಕೀಯ ಮಂಡಳಿಯೊಂದು ನಿರ್ಧರಿಸಬೇಕು ಎಂದು ತಿದ್ದುಪಡಿ ಹೇಳುತ್ತದೆ. ಮಂಡಳಿಯಲ್ಲಿ ಸ್ತ್ರೀರೋಗ ತಜ್ಞರು, ಮಕ್ಕಳ ತಜ್ಞರು, ರೇಡಿಯಾಲಜಿಸ್ಟರು ಇರಬೇಕು. ಓದಲು ಇದು ಅಚ್ಚುಕಟ್ಟಾಗಿದೆ. ಆದರೆ ಬೀದರದ ಔರಾದಿನ ಹೆಂಗಸಿಗೆ ಆ ಮಂಡಳಿ ಎಷ್ಟು ದೂರದಲ್ಲಿ ಕೂರುತ್ತದೆ, ವಾರಕ್ಕೆ ಎಷ್ಟು ದಿನ ಕೂರುತ್ತದೆ, ರೇಡಿಯಾಲಜಿಸ್ಟರ ಹುದ್ದೆಯೇ ಖಾಲಿಯಿದ್ದರೆ ಯಾರು ಕೂರುತ್ತಾರೆ? ಈ ಮೂರು ಪ್ರಶ್ನೆಗಳನ್ನು ಮಸೂದೆಯ ಹಂತದಲ್ಲೇ ಎತ್ತುವುದು ವೈದ್ಯ ಸದಸ್ಯರಿಗೆ ಇತರರಿಗಿಂತ ಸುಲಭ, ಆದ್ದರಿಂದ ಅದು ಅವರ ಕರ್ತವ್ಯವೂ ಹೌದು.

ಎರಡನೆಯ ಉದಾಹರಣೆ ನನ್ನ ಮನಸ್ಸಿನಲ್ಲಿ ಇಂದಿಗೂ ಹಸಿಯಾಗಿದೆ. 2021ರ ಮೇ 2 ಮತ್ತು 3ರ ನಡುವಿನ ರಾತ್ರಿ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕದ ಪೂರೈಕೆ ಕುಸಿದ ಹೊತ್ತಿನಲ್ಲಿ 24 ಮಂದಿ ತೀರಿಕೊಂಡರು. ಎರಡೂವರೆ ತಿಂಗಳ ನಂತರ, ಜುಲೈ 20ರಂದು, ಕೋವಿಡ್‌ನ ಎರಡನೆಯ ಅಲೆಯಲ್ಲಿ ಆಮ್ಲಜನಕದ ಕೊರತೆಯಿಂದ ರೋಗಿಗಳು ಸತ್ತದ್ದು ನಿಜವೇ ಎಂಬ ಪ್ರಶ್ನೆ ರಾಜ್ಯಸಭೆಯಲ್ಲಿ ಬಂತು. ಆರೋಗ್ಯ ರಾಜ್ಯ ವಿಷಯ, ಆಮ್ಲಜನಕದ ಕೊರತೆಯಿಂದಲೇ ಸಾವು ಸಂಭವಿಸಿದೆ ಎಂದು ರಾಜ್ಯಗಳು ನಿರ್ದಿಷ್ಟವಾಗಿ ವರದಿ ಮಾಡಿಲ್ಲ ಎಂಬುದು ಲಿಖಿತ ಉತ್ತರದ ಸಾರ. ಆ ಉತ್ತರ ಕೊಟ್ಟ, ಕೇಂದ್ರದ ಆಗಿನ ಆರೋಗ್ಯ ರಾಜ್ಯ ಸಚಿವೆ ಡಾ. ಭಾರತಿ ಪವಾರ್ ಸ್ವತಃ ವೈದ್ಯೆ.

ಆ ದಿನ ದೇಶ ಸಿಟ್ಟಾಯಿತು, ಆ ಸಿಟ್ಟು ನ್ಯಾಯವೇ. ಆದರೆ ಆ ಉತ್ತರಕ್ಕೆ ಎಡೆ ಮಾಡಿಕೊಟ್ಟದ್ದು ಪ್ರಶ್ನೆಯ ಸ್ವರೂಪ ಎಂಬುದನ್ನೂ ನೋಡಬೇಕು. ಸಾವಿನ ಕಾರಣದ ವೈದ್ಯಕೀಯ ಪ್ರಮಾಣಪತ್ರ ಬರೆದವರಿಗೆಲ್ಲ ಗೊತ್ತಿರುವ ವಿಷಯ ಇದು: ಆ ನಮೂನೆಯ ಮೊದಲ ಸಾಲಿನಲ್ಲಿ ನಾವು ಬರೆಯುವುದು ಉಸಿರಾಟದ ವೈಫಲ್ಯ, ಅದರ ಕೆಳಗೆ ಕೋವಿಡ್ ನ್ಯುಮೋನಿಯಾ. ಸಿಲಿಂಡರ್ ಖಾಲಿಯಾಗಿತ್ತು, ಪೈಪಿನಲ್ಲಿ ಒತ್ತಡ ಇಳಿದಿತ್ತು ಎಂದು ಬರೆಯುವ ಸಾಲು ಆ ನಮೂನೆಯಲ್ಲೇ ಇಲ್ಲ. ಬರೆಯದೇ ಇದ್ದದ್ದನ್ನು ರಾಜ್ಯಗಳು ವರದಿ ಮಾಡುವುದು ಹೇಗೆ? ಈ ನಮೂನೆಯನ್ನು ಕೈಯಾರೆ ತುಂಬಿದ ಸದಸ್ಯರೊಬ್ಬರು ಪ್ರಶ್ನೆಯನ್ನು ಬೇರೆ ರೀತಿ ಕೇಳುತ್ತಿದ್ದರು. ಯಾವ ಯಾವ ಆಸ್ಪತ್ರೆಗಳಲ್ಲಿ ಯಾವ ದಿನ ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ ಪೂರೈಕೆಯಲ್ಲಿ ವ್ಯತ್ಯಯ ದಾಖಲಾಗಿದೆ? ಆ ಗಂಟೆಗಳಲ್ಲಿ ಮತ್ತು ಅದರ ನಂತರದ ಒಂದು ದಿನದಲ್ಲಿ ಆಮ್ಲಜನಕದ ಮೇಲಿದ್ದ ಎಷ್ಟು ರೋಗಿಗಳು ತೀರಿಕೊಂಡರು? ಅದೇ ವಾರ್ಡಿನಲ್ಲಿ ಹಿಂದಿನ ವಾರ ಅಷ್ಟೇ ಅವಧಿಯಲ್ಲಿ ತೀರಿಕೊಂಡವರು ಎಷ್ಟು? ಹೀಗೆ ಕೇಳಿದರೆ ವರದಿಯಾಗಿಲ್ಲ ಎನ್ನಲು ಬರುವುದಿಲ್ಲ. ದಾಖಲೆ ಇದೆ ಎನ್ನಬೇಕು, ಇಲ್ಲವೇ ದಾಖಲೆ ಇಟ್ಟಿಲ್ಲ ಎಂದು ಸದನದ ಮುಂದೆ ಒಪ್ಪಿಕೊಳ್ಳಬೇಕು. ಎರಡೂ ಮುಂದಿನ ನೀತಿಗೆ ದಾರಿಯಾಗುತ್ತವೆ.

ಸದನದಲ್ಲಿ ವೈದ್ಯರ ಮುಖ್ಯ ಉಪಕರಣ ಭಾಷಣ ಎಂದು ಬಹಳಷ್ಟು ಜನ ಭಾವಿಸುತ್ತಾರೆ. ನನ್ನ ಅಭಿಪ್ರಾಯದಲ್ಲಿ ಅದು ಪ್ರಶ್ನೆ. ಮಸೂದೆಯ ಚರ್ಚೆಯಲ್ಲಿ ಮಾತಿನ ಸಮಯ ಪಕ್ಷದ ಬಲಕ್ಕೆ ತಕ್ಕಂತೆ ಹಂಚಿಕೆಯಾಗುತ್ತದೆ. ಚಿಕ್ಕ ಪಕ್ಷದ ಸದಸ್ಯರು ವಿಷಯಕ್ಕೆ ಬರುವಷ್ಟರಲ್ಲಿ ಸಭಾಧ್ಯಕ್ಷರ ಗಂಟೆ ಬಾರಿಸಿರುತ್ತದೆ. ಪ್ರಶ್ನೆಯಾದರೆ ದಾಖಲೆಯಲ್ಲಿ ಉಳಿಯುತ್ತದೆ, ಸಚಿವಾಲಯ ಅಂಕಿಅಂಶ ಹುಡುಕಲೇಬೇಕಾಗುತ್ತದೆ. ಲೋಕಸಭೆಯಲ್ಲಿ ದಿನಕ್ಕೆ 20 ಚುಕ್ಕೆ ಗುರುತಿನ (ಸಚಿವರು ಸದನದಲ್ಲೇ ಬಾಯಿಮಾತಿನಲ್ಲಿ ಉತ್ತರಿಸುವ) ಪ್ರಶ್ನೆಗಳು, 230 ಚುಕ್ಕೆ ಗುರುತಿಲ್ಲದ (ಲಿಖಿತ ಉತ್ತರ ಬರುವ) ಪ್ರಶ್ನೆಗಳು ಪಟ್ಟಿಯಾಗುತ್ತವೆ. ಕನಿಷ್ಠ 15 ದಿನ ಮೊದಲೇ ಕೊಡಬೇಕು, 150 ಪದ ಮೀರುವಂತಿಲ್ಲ.

ಕೆಲವು ವರ್ಷಗಳ ಹಿಂದೆ ಒಬ್ಬ ಸದಸ್ಯರ ಕಚೇರಿಯಿಂದ ನನಗೆ ಕರಡೊಂದು ಬಂತು. ದೇಶದ ತಾಲ್ಲೂಕು ಆಸ್ಪತ್ರೆಗಳಲ್ಲಿ ತಜ್ಞ ವೈದ್ಯರ ಕೊರತೆ ಇರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ, ಬಂದಿದ್ದರೆ ಕೈಗೊಂಡ ಕ್ರಮಗಳೇನು ಎಂದು ಅದರಲ್ಲಿತ್ತು. ಇದಕ್ಕೆ ಬರುವ ಉತ್ತರವನ್ನು ನಾನು ಮಲಗಿದಲ್ಲೇ ಹೇಳಬಲ್ಲೆ: ಆರೋಗ್ಯ ರಾಜ್ಯ ವಿಷಯ, ರಾಷ್ಟ್ರೀಯ ಆರೋಗ್ಯ ಅಭಿಯಾನದಡಿ ರಾಜ್ಯಗಳ ಪ್ರಸ್ತಾವಕ್ಕೆ ಅನುಗುಣವಾಗಿ ನೆರವು ನೀಡಲಾಗುತ್ತಿದೆ. ನಾವು ಕೂತು ಅದನ್ನು ತಿದ್ದಿದೆವು. ಅಭಿಯಾನದ ಹಣ ಪಡೆದು ಮೊದಲ ಹಂತದ ರೆಫರಲ್ ಘಟಕಗಳೆಂದು, ಅಂದರೆ ಹಗಲೂ ರಾತ್ರಿ ತುರ್ತು ಹೆರಿಗೆ ನೋಡಿಕೊಳ್ಳಬೇಕಾದ ಆಸ್ಪತ್ರೆಗಳೆಂದು, ಘೋಷಿತವಾದ ಆಸ್ಪತ್ರೆಗಳು ರಾಜ್ಯವಾರು ಎಷ್ಟು, ಅವುಗಳಲ್ಲಿ ಕಳೆದ ಹನ್ನೆರಡು ತಿಂಗಳಲ್ಲಿ ಒಂದೇ ಒಂದು ಸಿಸೇರಿಯನ್ ಹೆರಿಗೆಯೂ ಆಗದವು ಎಷ್ಟು, ರಾತ್ರಿ 8ರಿಂದ ಬೆಳಿಗ್ಗೆ 8ರ ನಡುವೆ ಒಂದೂ ಆಗದವು ಎಷ್ಟು, ಅರಿವಳಿಕೆ ತಜ್ಞರೂ ರಕ್ತ ಶೇಖರಣಾ ಘಟಕವೂ ಎರಡೂ ಇರುವವು ಎಷ್ಟು ಎಂದು ಬರೆದೆವು. ರಾತ್ರಿಯ ಸಿಸೇರಿಯನ್ನುಗಳನ್ನು ಬೇರೆಯಾಗಿ ಎಣಿಸುವ ಒಂದು ಕಾಲಂ ಆರೋಗ್ಯ ಇಲಾಖೆಯ ಮಾಸಿಕ ಮಾಹಿತಿ ವ್ಯವಸ್ಥೆಯಲ್ಲೇ ಇದೆ. ಆದ್ದರಿಂದ ಮಾಹಿತಿ ಲಭ್ಯವಿಲ್ಲ ಎನ್ನುವ ದಾರಿ ಮುಚ್ಚಿಹೋಗುತ್ತದೆ.

ಆ ಕಾಲಂ ನನಗೆ ಏಕೆ ಗೊತ್ತು ಎಂದರೆ, ಅದನ್ನು ತುಂಬುವಾಗ ಎಷ್ಟೋ ತಿಂಗಳು ಸೊನ್ನೆ ಬರೆದಿದ್ದೇನೆ. ನಾನಿದ್ದ ಒಂದು ಆಸ್ಪತ್ರೆಯಲ್ಲಿ ಅರಿವಳಿಕೆ ತಜ್ಞರು ಸಂಜೆ ಐದಕ್ಕೆ ಊರಿಗೆ ಹೊರಡುತ್ತಿದ್ದರು. ಒಬ್ಬರೇ ಇದ್ದುದರಿಂದ ಅವರನ್ನು ದೂರುವುದೂ ತಪ್ಪು. ರಾತ್ರಿ ಹನ್ನೊಂದಕ್ಕೆ ಮಗುವಿನ ಎದೆಬಡಿತ ಇಳಿಯತೊಡಗಿದರೆ ನನ್ನ ಕೈಯಲ್ಲಿದ್ದದ್ದು ಆಂಬುಲೆನ್ಸಿಗೆ ಫೋನು ಮಾಡಿ, ಅರವತ್ತು ಕಿಲೋಮೀಟರಿನ ದಾರಿಗೆ ತಾಯಿಯನ್ನು ಎಡಮಗ್ಗುಲಾಗಿ ಮಲಗಿಸಿ ಕಳಿಸುವುದು ಮಾತ್ರ. ಕಟ್ಟಡದ ಮೇಲೆ ಬೋರ್ಡು ಇತ್ತು, ಥಿಯೇಟರು ಇತ್ತು, ದೀಪವೂ ಇತ್ತು. ಮೂಲಸೌಕರ್ಯ ಹೆಚ್ಚಿಸಲಾಗಿದೆ ಎಂಬ ಸರ್ಕಾರಿ ಉತ್ತರದಲ್ಲಿ ಈ ಆಸ್ಪತ್ರೆಯೂ ಒಂದು ಅಂಕಿಯಾಗಿ ಸೇರಿರುತ್ತದೆ. ವೈದ್ಯ ಸದಸ್ಯರು ಸದನಕ್ಕೆ ತರಬೇಕಾದದ್ದು ಆ ಅಂಕಿಯ ಒಳಗಿನ ಈ ರಾತ್ರಿಯನ್ನು.

ಇಲ್ಲಿ ಒಂದು ವಿಷಯವನ್ನು ಬಿಡಿಸಿ ಹೇಳಬೇಕು. ಯಾವುದನ್ನು ದೆಹಲಿಯಲ್ಲಿ ಕೇಳಬೇಕು, ಯಾವುದನ್ನು ವಿಧಾನಸಭೆಯಲ್ಲಿ ಕೇಳಬೇಕು ಎಂಬುದು ಗೊತ್ತಿಲ್ಲದೆ ಒಳ್ಳೆಯ ಪ್ರಶ್ನೆಗಳೂ ವ್ಯರ್ಥವಾಗುತ್ತವೆ. ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ಸಾರ್ವಜನಿಕ ಆರೋಗ್ಯ, ನೈರ್ಮಲ್ಯ, ಆಸ್ಪತ್ರೆಗಳು ರಾಜ್ಯ ಪಟ್ಟಿಯಲ್ಲಿವೆ. ವೈದ್ಯಕೀಯ ವೃತ್ತಿ, ವೈದ್ಯಕೀಯ ಶಿಕ್ಷಣ, ಔಷಧಗಳು, ಕುಟುಂಬ ಯೋಜನೆ, ಒಂದು ರಾಜ್ಯದಿಂದ ಇನ್ನೊಂದಕ್ಕೆ ಸಾಂಕ್ರಾಮಿಕ ರೋಗ ಹರಡದಂತೆ ತಡೆಯುವುದು, ಇವು ಸಮವರ್ತಿ ಪಟ್ಟಿಯಲ್ಲಿವೆ. ಆಸ್ಪತ್ರೆಗಳು ರಾಜ್ಯದ ವಿಷಯವಾದ್ದರಿಂದಲೇ ಅಂಗಾಂಗ ಕಸಿಯ 1994ರ ಕಾಯ್ದೆಯನ್ನು ಸಂಸತ್ತು ಕೆಲವು ರಾಜ್ಯಗಳ ಕೋರಿಕೆಯ ಮೇರೆಗೆ 252ನೇ ವಿಧಿಯಡಿ ಮಾಡಬೇಕಾಯಿತು. ಮಿದುಳು ಕಾಂಡದ ಸಾವನ್ನು ಸಾವೆಂದೇ ಒಪ್ಪಿಕೊಂಡ ಆ ಕಾಯ್ದೆಯನ್ನು ವೈದ್ಯಶಾಸ್ತ್ರದ ನೆರವಿಲ್ಲದೆ ಬರೆಯುವುದು ಸಾಧ್ಯವೇ ಇರಲಿಲ್ಲ. ನಿಮ್ಮೂರಿನ ಆಸ್ಪತ್ರೆಗೆ ನರ್ಸ್ ಇಲ್ಲ ಎಂಬುದನ್ನು ಶಾಸಕರ ಮುಂದೆ ಇಡಿ. ಆ ನರ್ಸಿಗಾಗಿ ಬಂದ ಕೇಂದ್ರದ ಹಣ ಖರ್ಚಾಯಿತೇ ಎಂಬುದನ್ನು ಸಂಸದರ ಮುಂದೆ ಇಡಿ.

ಪ್ರಶ್ನೆಯ ನಂತರದ ದೊಡ್ಡ ಕೆಲಸ ನಡೆಯುವುದು ಸಮಿತಿಯ ಕೊಠಡಿಯಲ್ಲಿ. ಆರೋಗ್ಯ ಮತ್ತು ಕುಟುಂಬ ಕಲ್ಯಾಣದ ಸ್ಥಾಯಿ ಸಮಿತಿಯಲ್ಲಿ ಎರಡೂ ಸದನಗಳಿಂದ 31 ಸದಸ್ಯರಿರುತ್ತಾರೆ. ಅಲ್ಲಿ ಕ್ಯಾಮೆರಾ ಇಲ್ಲ, ವಿಪ್ ಇಲ್ಲ. ಸದನದಲ್ಲಿ ಪಕ್ಷದ ವಿಪ್ ಮೀರಿ ಮತ ಹಾಕಿದರೆ ಸದಸ್ಯತ್ವವೇ ಹೋಗಬಹುದಾದ್ದರಿಂದ, ವೈದ್ಯರೊಬ್ಬರು ತಮ್ಮ ವೃತ್ತಿಜ್ಞಾನಕ್ಕೆ ವಿರುದ್ಧವಾದ ಕಲಮಿಗೂ ಕೈಯೆತ್ತಬೇಕಾದ ಪ್ರಸಂಗ ಬರುತ್ತದೆ. ಅವರು ಮನಬಿಚ್ಚಿ ಮಾತಾಡಬಹುದಾದ ಜಾಗ ಸಮಿತಿಯೇ. ವೈದ್ಯ ಶಿಕ್ಷಣವನ್ನೂ ವೃತ್ತಿಯನ್ನೂ ನಿಯಂತ್ರಿಸುವ ರಾಷ್ಟ್ರೀಯ ವೈದ್ಯಕೀಯ ಆಯೋಗದ ಮಸೂದೆ 2017ರ ಡಿಸೆಂಬರಿನಲ್ಲಿ ಮೊದಲ ಸಲ ಬಂದಾಗ, ಆಯುಷ್ ಪದ್ಧತಿಯ ವೈದ್ಯರು ಒಂದು ಸೇತು ಕೋರ್ಸು ಮುಗಿಸಿ ಅಲೋಪಥಿ ಔಷಧ ಬರೆಯಲು ಅವಕಾಶವಾಗುವ ಕಲಂ ಅದರಲ್ಲಿತ್ತು. ವೈದ್ಯರು ಮುಷ್ಕರ ಹೂಡಿದರು. ಮಸೂದೆ ಸ್ಥಾಯಿ ಸಮಿತಿಗೆ ಹೋಯಿತು. ಸೇತು ಕೋರ್ಸನ್ನು ಕಡ್ಡಾಯ ಮಾಡಬಾರದು ಎಂದು ಸಮಿತಿ 2018ರ ಮಾರ್ಚಿನಲ್ಲಿ ಹೇಳಿತು, ಸರ್ಕಾರ ಆ ಕಲಮನ್ನು ಕೈಬಿಟ್ಟಿತು. 2019ರಲ್ಲಿ ಹೊಸ ರೂಪದಲ್ಲಿ ಮಸೂದೆ ತಂದ ಸಚಿವ ಡಾ. ಹರ್ಷವರ್ಧನ್ ಕಿವಿ, ಮೂಗು, ಗಂಟಲು ತಜ್ಞರು. ಆ ಮಸೂದೆಯನ್ನು ವಿರೋಧಿಸಿ ಜುಲೈ 31ರಂದು ದೇಶದಾದ್ಯಂತ ಮುಷ್ಕರ ಮಾಡಿದ್ದು ಭಾರತೀಯ ವೈದ್ಯಕೀಯ ಸಂಘ. ಒಳಗೂ ವೈದ್ಯರು, ಹೊರಗೂ ವೈದ್ಯರು. ಆದ್ದರಿಂದ ವೈದ್ಯರ ನಿಲುವು ಎಂಬ ಒಂದೇ ವಸ್ತು ಇದೆ ಎಂದು ನಂಬಬೇಡಿ.

ಹಾಗೆಂದು ಎಲ್ಲ ಮಸೂದೆಗಳೂ ಸಮಿತಿಗೆ ಹೋಗುವುದಿಲ್ಲ. 15ನೇ ಲೋಕಸಭೆಯ ಅವಧಿಯಲ್ಲಿ ಶೇ 71ರಷ್ಟು ಮಸೂದೆಗಳು ಸಮಿತಿಗಳ ಪರಿಶೀಲನೆಗೆ ಹೋಗಿದ್ದವು, 17ನೇ ಲೋಕಸಭೆಯಲ್ಲಿ ಆ ಪ್ರಮಾಣ ಶೇ 16ಕ್ಕೆ ಇಳಿಯಿತು. ಇದನ್ನು ನಾನು ಪಕ್ಷದ ಮಾತಾಗಿ ಹೇಳುತ್ತಿಲ್ಲ. ಬಾಡಿಗೆ ತಾಯ್ತನದ ಮಸೂದೆಯನ್ನು ನೋಡಿ. ಲೋಕಸಭೆ ಅಂಗೀಕರಿಸಿ ಕಳಿಸಿದ 2019ರ ರೂಪದಲ್ಲಿ, ಐದು ವರ್ಷ ಮಕ್ಕಳಾಗದಿದ್ದರೆ ಮಾತ್ರ ಬಂಜೆತನ ಎಂಬ ವ್ಯಾಖ್ಯೆಯಿತ್ತು, ಬಾಡಿಗೆ ತಾಯಿ ಹತ್ತಿರದ ಸಂಬಂಧಿಯೇ ಆಗಿರಬೇಕು ಎಂದಿತ್ತು. ವೈದ್ಯಶಾಸ್ತ್ರದಲ್ಲಿ ಬಂಜೆತನದ ಚಿಕಿತ್ಸೆ ಶುರುವಾಗುವುದು ಒಂದು ವರ್ಷದ ನಂತರ. ಹುಟ್ಟಿನಿಂದಲೇ ಗರ್ಭಕೋಶ ಇಲ್ಲದವಳು, ಕ್ಯಾನ್ಸರಿನಿಂದ ಗರ್ಭಕೋಶ ಕಳೆದುಕೊಂಡವಳು ಯಾವುದಕ್ಕಾಗಿ ಐದು ವರ್ಷ ಕಾಯಬೇಕು? ರಾಜ್ಯಸಭೆ ಮಸೂದೆಯನ್ನು ಆಯ್ಕೆ ಸಮಿತಿಗೆ ಒಪ್ಪಿಸಿತು, ಸಮಿತಿ ತಜ್ಞರನ್ನೂ ಸಂಬಂಧಪಟ್ಟ ಮಹಿಳೆಯರನ್ನೂ ಕೇಳಿತು, ಐದು ವರ್ಷದ ವ್ಯಾಖ್ಯೆ ಹೋಯಿತು, ಹತ್ತಿರದ ಸಂಬಂಧಿ ಎಂಬುದು ಇಚ್ಛೆಯುಳ್ಳ ಮಹಿಳೆ ಎಂದಾಯಿತು. ಸಮಿತಿಗೆ ಹೋಗದೆ ಧ್ವನಿಮತದಲ್ಲಿ ದಾಟಿದ್ದರೆ ಆ ಐದು ವರ್ಷ ಕಾನೂನಾಗಿ ಉಳಿದಿರುತ್ತಿತ್ತು.

ಈಗ ನಿಮ್ಮ ಮನೆಯ ಎರಡನೆಯ ವಾದಕ್ಕೆ ಬರುತ್ತೇನೆ. ವೃತ್ತಿಯವರು ವೃತ್ತಿಯವರನ್ನು ಕಾಯುತ್ತಾರೆ ಎಂಬ ಸಂಶಯ ಆಧಾರವಿಲ್ಲದ್ದಲ್ಲ, ಇದನ್ನು ವೈದ್ಯೆಯಾದ ನಾನೇ ಒಪ್ಪಿಕೊಳ್ಳಬೇಕು. ಭಾರತೀಯ ವೈದ್ಯಕೀಯ ಪರಿಷತ್ತಿನ ಕುರಿತು ಸ್ಥಾಯಿ ಸಮಿತಿ 2016ರ ಮಾರ್ಚಿನಲ್ಲಿ ಕೊಟ್ಟ 92ನೇ ವರದಿಯನ್ನು ಓದಿದರೆ, ವೈದ್ಯರೇ ವೈದ್ಯರನ್ನು ಚುನಾಯಿಸಿ ತಮ್ಮನ್ನು ತಾವೇ ನಿಯಂತ್ರಿಸಿಕೊಳ್ಳುವ ವ್ಯವಸ್ಥೆ ಎಷ್ಟರ ಮಟ್ಟಿಗೆ ಸೋತಿತ್ತು ಎಂದು ಗೊತ್ತಾಗುತ್ತದೆ. ಭ್ರೂಣಲಿಂಗ ಪತ್ತೆ ತಡೆಯುವ ಕಾಯ್ದೆಯ ವಿಷಯದಲ್ಲೂ ಹಾಗೆಯೇ. ಸ್ಕ್ಯಾನಿಂಗ್ ದಾಖಲೆಯ ನಮೂನೆ ತುಂಬುವಲ್ಲಿನ ತಪ್ಪುಗಳನ್ನು ಗುಮಾಸ್ತಿಕೆಯ ಲೋಪವೆಂದು ಬಿಟ್ಟುಬಿಡಬೇಕು ಎಂದು ನನ್ನದೇ ವಿಭಾಗದ ತಜ್ಞರ ಒಕ್ಕೂಟ ಸುಪ್ರೀಂ ಕೋರ್ಟಿಗೆ ಹೋಯಿತು, 2019ರಲ್ಲಿ ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ಆ ನಮೂನೆಯೇ ಹೆಣ್ಣುಭ್ರೂಣದ ಪರವಾಗಿ ಉಳಿದಿರುವ ಏಕೈಕ ಸಾಕ್ಷಿ ಎಂಬುದನ್ನು ನನ್ನ ಸಹೋದ್ಯೋಗಿಗಳು ಮರೆತದ್ದು ನನಗೆ ನೋವು ತಂದಿತು. 2001ರ ಜನಗಣತಿಯಲ್ಲಿ, ಆರು ವರ್ಷದವರೆಗಿನ ಮಕ್ಕಳಲ್ಲಿ, ಸಾವಿರ ಗಂಡುಮಕ್ಕಳಿಗೆ 927 ಇದ್ದ ಹೆಣ್ಣುಮಕ್ಕಳ ಸಂಖ್ಯೆ 2011ರಲ್ಲಿ 919ಕ್ಕೆ ಇಳಿದಿತ್ತು.

ನಮ್ಮ ರಾಜ್ಯದ ಉದಾಹರಣೆ ನಿಮಗೆ ನೆನಪಿರಬಹುದು. ಖಾಸಗಿ ವೈದ್ಯಕೀಯ ಸಂಸ್ಥೆಗಳ ತಿದ್ದುಪಡಿ ಮಸೂದೆಯನ್ನು ಆಗಿನ ಆರೋಗ್ಯ ಸಚಿವ ಕೆ.ಆರ್. ರಮೇಶ್ ಕುಮಾರ್ 2017ರಲ್ಲಿ ತಂದಾಗ, ಅದು ಜಂಟಿ ಸದನ ಸಮಿತಿಗೂ ಹೋಗಿ ಬಂತು. ನವೆಂಬರಿನಲ್ಲಿ ಖಾಸಗಿ ವೈದ್ಯರು ಹೊರರೋಗಿ ವಿಭಾಗಗಳನ್ನು ಮುಚ್ಚಿ ಬೀದಿಗಿಳಿದರು. ಬೆಳಗಾವಿ ಅಧಿವೇಶನದಲ್ಲಿ ಮಸೂದೆ ಅಂಗೀಕಾರವಾಯಿತಾದರೂ ದರ ಮತ್ತು ಶಿಕ್ಷೆಗೆ ಸಂಬಂಧಿಸಿದ ಕಲಮುಗಳು ಮೆದುವಾದವು. ವೈದ್ಯರ ಆತಂಕಗಳಲ್ಲಿ ಕೆಲವು ನಿಜವಾಗಿದ್ದವು, ಸಣ್ಣ ಊರಿನ ಹತ್ತು ಹಾಸಿಗೆಯ ನರ್ಸಿಂಗ್ ಹೋಮಿಗೂ ನಗರದ ಕಾರ್ಪೊರೇಟ್ ಆಸ್ಪತ್ರೆಗೂ ಒಂದೇ ಅಳತೆಗೋಲು ಸಲ್ಲದು. ಆದರೆ ಬಿಲ್ಲು ಕಟ್ಟಲಾರದೆ ಒಡವೆ ಅಡವಿಟ್ಟ ರೋಗಿಯ ಮನೆಯವರ ಪರವಾಗಿ ಆ ದಿನಗಳಲ್ಲಿ ಮುಷ್ಕರ ಹೂಡುವವರು ಯಾರೂ ಇರಲಿಲ್ಲ. ಸದನದೊಳಗಿನ ವೈದ್ಯರು ಸಂಘದ ಮನವಿಪತ್ರವನ್ನೇ ಓದಿದರೆ ಅವರು ಸಂಘದ ಪ್ರತಿನಿಧಿ, ಕ್ಷೇತ್ರದ ಪ್ರತಿನಿಧಿ ಅಲ್ಲ.

ಇದಕ್ಕೆ ನಿಯಮಗಳಿವೆ. ರಾಜ್ಯಸಭೆಯ 293ನೇ ನಿಯಮದಂತೆ ಸದಸ್ಯರು ತಮ್ಮ ಆರ್ಥಿಕ ಹಿತಾಸಕ್ತಿಗಳನ್ನು ನೋಂದಣಿ ಪುಸ್ತಕದಲ್ಲಿ ಘೋಷಿಸಬೇಕು. ಲೋಕಸಭೆಯ 371ನೇ ನಿಯಮದಡಿ, ನೇರ ಆರ್ಥಿಕ ಹಿತಾಸಕ್ತಿ ಇರುವ ಸದಸ್ಯರ ಮತವನ್ನು ಪ್ರಶ್ನಿಸಬಹುದು. ಆದರೆ ನಿಯಮಕ್ಕಿಂತ ಹೆಚ್ಚಿನದನ್ನು ನಾವು ನಿರೀಕ್ಷಿಸಬಹುದು. ಖಾಸಗಿ ವೈದ್ಯಕೀಯ ಕಾಲೇಜಿನ ಶುಲ್ಕದ ಕಲಮಿನ ಮೇಲೆ ಮಾತಾಡುವ ಸದಸ್ಯರು, ತಮಗೋ ತಮ್ಮ ಕುಟುಂಬಕ್ಕೋ ಅಂಥ ಕಾಲೇಜು ಇದ್ದರೆ, ಎದ್ದು ನಿಂತ ಕೂಡಲೇ ಅದನ್ನು ಹೇಳಿ ಮುಂದುವರಿಯಬೇಕು. ಬ್ರಿಟನ್ನಿನ ಹೌಸ್ ಆಫ್ ಕಾಮನ್ಸಿನಲ್ಲಿ ಇದು ದಿನನಿತ್ಯದ ವಾಡಿಕೆ.

ಹಿತಾಸಕ್ತಿ ವೃತ್ತಿಯದೇ ಆಗಿರಬೇಕೆಂದಿಲ್ಲ, ಕ್ಷೇತ್ರದ್ದೂ ಆಗಬಹುದು. ವೈದ್ಯ ಸದಸ್ಯರ ನಿಜವಾದ ಪರೀಕ್ಷೆ ಅಲ್ಲಿಯೇ ಎಂದು ನನಗೆ ಅನ್ನಿಸುತ್ತದೆ. ತಂಬಾಕು ಪೊಟ್ಟಣದ ಶೇ 85ರಷ್ಟು ಜಾಗದಲ್ಲಿ ಎಚ್ಚರಿಕೆಯ ಚಿತ್ರ ಇರಬೇಕೆಂಬ ನಿಯಮ 2015ರ ಏಪ್ರಿಲ್‌ನಿಂದ ಜಾರಿಯಾಗಬೇಕಿತ್ತು. ಕಾಯ್ದೆಗಳಡಿ ಸರ್ಕಾರ ಮಾಡುವ ನಿಯಮಗಳನ್ನು ಪರಿಶೀಲಿಸುವ, ಅಧೀನ ಶಾಸನಗಳ ಲೋಕಸಭಾ ಸಮಿತಿ ಅದನ್ನು ತಡೆಹಿಡಿಯಲು ಹೇಳಿತು, ತಂಬಾಕಿನಿಂದ ಕ್ಯಾನ್ಸರ್ ಬರುತ್ತದೆ ಎನ್ನಲು ಭಾರತದ ಅಧ್ಯಯನವಿಲ್ಲ ಎಂಬ ಮಾತು ಸಮಿತಿಯ ಅಧ್ಯಕ್ಷರಿಂದಲೇ ಬಂತು, ಬೀಡಿ ಉದ್ಯಮಿಯೊಬ್ಬರು ಆ ಸಮಿತಿಯ ಸದಸ್ಯರಾಗಿದ್ದರು. ನಿಯಮ ಜಾರಿಯಾದದ್ದು 2016ರ ಏಪ್ರಿಲ್ 1ಕ್ಕೆ. 2017ರ ಡಿಸೆಂಬರಿನಲ್ಲಿ ನಮ್ಮ ರಾಜ್ಯದ ಹೈಕೋರ್ಟು ಅದನ್ನು ರದ್ದುಪಡಿಸಿತು, ಮರುತಿಂಗಳೇ ಸುಪ್ರೀಂ ಕೋರ್ಟು ಆ ಆದೇಶಕ್ಕೆ ತಡೆ ಕೊಟ್ಟಿತು. ಹುಣಸೂರು, ಪಿರಿಯಾಪಟ್ಟಣಗಳ ತಂಬಾಕು ಬೆಳೆಗಾರರ ಮತ ಪಡೆದು ಹೋದ ವೈದ್ಯರು ಇಂಥ ಚರ್ಚೆಯಲ್ಲಿ ಏನು ಹೇಳಬೇಕು?

ನಿಮ್ಮ ಜಿಲ್ಲೆಯ ಮಟ್ಟಿಗೆ ಇದು ಅಡಿಕೆಯ ಪ್ರಶ್ನೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ಸಂಪುಟದಲ್ಲಿ, ತಂಬಾಕು ಬೆರೆಸದ ಅಡಿಕೆಯನ್ನೂ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಗುಟ್ಕಾ, ಪಾನ್ ಮಸಾಲ ಜಗಿದು ಬಾಯಿಯ ಒಳಪೊರೆ ಗಡಸಾದ ಇಪ್ಪತ್ತೆರಡರ ಹುಡುಗನನ್ನು ಬಾಯಿ ತೆರೆ ಎಂದರೆ, ಮೂರು ಬೆರಳು ಹೋಗಬೇಕಾದಲ್ಲಿ ಒಂದು ಬೆರಳು ಹೋಗುವುದೂ ಕಷ್ಟ. ಅವನು ಅನ್ನವನ್ನು ಹಿಸುಕಿ ಸಂದಿಯಲ್ಲಿ ತೂರಿಸಿ ತಿನ್ನುತ್ತಾನೆ. ಅವನನ್ನು ನೋಡಿದ ವೈದ್ಯರಿಗೆ ಅಡಿಕೆ ನಿರುಪದ್ರವಿ ಎಂದು ಸದನದಲ್ಲಿ ಹೇಳಲು ಬಾಯಿ ಬರಬಾರದು. ಅದೇ ಹೊತ್ತಿಗೆ ತೀರ್ಥಹಳ್ಳಿಯ ಒಂದೆಕರೆ ತೋಟದ ಮನೆಗೆ ಬೇರೆ ಆದಾಯವಿಲ್ಲ ಎಂಬುದೂ ಅಷ್ಟೇ ನಿಜ. ವೈದ್ಯ ಸದಸ್ಯರು ಮಾಡಬಹುದಾದ ಪ್ರಾಮಾಣಿಕ ಕೆಲಸ ಎಂದರೆ, ವಿಜ್ಞಾನವನ್ನು ಅಲ್ಲಗಳೆಯದೆ, ಬೆಳೆಗಾರರ ಪರ್ಯಾಯ ಬೆಳೆಗೆ, ಅಡಿಕೆಯ ಬೇರೆ ಬಳಕೆಗಳ ಸಂಶೋಧನೆಗೆ, ಬಾಯಿಯ ಕ್ಯಾನ್ಸರಿನ ತಪಾಸಣೆಗೆ ಒಟ್ಟಿಗೆ ಹಣ ಕೇಳುವುದು. ಇದಕ್ಕೆ ಚಪ್ಪಾಳೆ ಕಡಿಮೆ ಬೀಳುತ್ತದೆ.

ವೃತ್ತಿಯ ಮಿತಿಯನ್ನು ದಾಟಿದವರು ನಮ್ಮಲ್ಲಿ ಇದ್ದರು ಎಂಬುದಕ್ಕೆ ಡಾ. ಮುತ್ತುಲಕ್ಷ್ಮಿ ರೆಡ್ಡಿ ಅವರನ್ನು ನೆನೆಯುತ್ತೇನೆ. 1912ರಲ್ಲಿ ಮದ್ರಾಸ್ ವೈದ್ಯಕೀಯ ಕಾಲೇಜಿನಿಂದ ಪದವಿ ಪಡೆದ ಅವರು, ಮುಂದೆ ಮದ್ರಾಸ್ ವಿಧಾನ ಪರಿಷತ್ತಿಗೆ ನಾಮನಿರ್ದೇಶಿತರಾಗಿ ಅದರ ಉಪಾಧ್ಯಕ್ಷೆಯೂ ಆದರು. ದಕ್ಷಿಣ ಕನ್ನಡವೂ ಬಳ್ಳಾರಿಯೂ ಆಗ ಮದ್ರಾಸ್ ಪ್ರಾಂತ್ಯದಲ್ಲೇ ಇದ್ದುದರಿಂದ ಆ ಸದನ ನಮ್ಮವರದೂ ಹೌದು. 1927ರಲ್ಲಿ ಅವರು ತಂದ ನಿರ್ಣಯ ದೇವದಾಸಿ ಪದ್ಧತಿಯ ವಿರುದ್ಧವಾಗಿತ್ತು. ವೈದ್ಯೆಗೆ ಇದು ಸಂಬಂಧಪಟ್ಟ ವಿಷಯವೇ ಎಂದು ಕೇಳಿದರೆ, ಚಿಕ್ಕ ಹುಡುಗಿಯರ ಮೈಯ ಕಾಯಿಲೆಗೆ ಔಷಧ ಬರೆದು ಅದನ್ನು ತಂದ ಪದ್ಧತಿಯನ್ನು ಬಿಟ್ಟುಬಿಡುವುದು ಅರ್ಧ ಚಿಕಿತ್ಸೆ ಎಂಬುದೇ ಉತ್ತರ. ಕಾಯ್ದೆ ಬರಲು 1947ರವರೆಗೆ ಕಾಯಬೇಕಾಯಿತು. ತಜ್ಞ ಆಸ್ಪತ್ರೆಯೊಳಗಿಂದ ಬಂದ ಇಂದಿನ ಸದಸ್ಯರಿಗೆ ಆಸ್ಪತ್ರೆ, ಕಾಲೇಜು, ಯಂತ್ರ, ಸೀಟುಗಳ ಬಗ್ಗೆ ಮಾತಾಡುವುದು ಸಹಜವಾಗಿ ಬರುತ್ತದೆ. ಕುಡಿಯುವ ನೀರು, ಪೌರಕಾರ್ಮಿಕರ ಶ್ವಾಸಕೋಶ, ಅಂಗನವಾಡಿಯ ಮೊಟ್ಟೆ ಇವುಗಳ ಬಗ್ಗೆ ಅವರು ಎಷ್ಟು ಸಲ ಎದ್ದು ನಿಂತರು ಎಂದು ನಾನು ನೋಡುತ್ತೇನೆ.

ಇನ್ನು ನೀವು ಏನು ಕೇಳಬೇಕು ಎಂಬುದು. ಸಂಸದರ ಪ್ರಶ್ನೆಗಳೂ ಅವಕ್ಕೆ ಬಂದ ಉತ್ತರಗಳೂ ಎರಡೂ ಸದನಗಳ ಜಾಲತಾಣದಲ್ಲಿ ಸಿಗುತ್ತವೆ. ಸಮಿತಿಗಳು ಮಸೂದೆ ಪರಿಶೀಲಿಸುವಾಗ ಸಾರ್ವಜನಿಕರ ಅಭಿಪ್ರಾಯ ಕೇಳಿ ಪ್ರಕಟಣೆ ಕೊಡುತ್ತವೆ, ನೀವೂ ಕನ್ನಡಿಗರ ಅನುಭವವನ್ನು ಬರೆದು ಕಳಿಸಬಹುದು. 2017ರ ರಾಷ್ಟ್ರೀಯ ಆರೋಗ್ಯ ನೀತಿ, 2025ರ ಹೊತ್ತಿಗೆ ಸರ್ಕಾರಗಳ ಆರೋಗ್ಯ ವೆಚ್ಚವನ್ನು ಒಟ್ಟು ದೇಶೀಯ ಉತ್ಪನ್ನದ ಶೇ 2.5ಕ್ಕೆ ಏರಿಸುವ ಗುರಿ ಹಾಕಿಕೊಂಡಿತ್ತು. ಬಜೆಟ್ಟಿನ ಅನುದಾನ ಬೇಡಿಕೆಗಳ ಪರಿಶೀಲನೆಯಲ್ಲಿ ಆ ಗುರಿಯ ಬಗ್ಗೆ ನೀವೇನು ಕೇಳಿದಿರಿ ಎಂದು ನಿಮ್ಮ ಸದಸ್ಯರನ್ನು ವಿಚಾರಿಸಿ.

ನಿಮ್ಮ ಜಿಲ್ಲೆಗೇ ಸೇರಿದ ಒಂದು ಪ್ರಶ್ನೆಯನ್ನು ನಾನೇ ಸೂಚಿಸುತ್ತೇನೆ. ಕಾಡಿನ ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಹಳೆಯ ಲಸಿಕೆಯ ಶಕ್ತಿ ಸಾಲದೆಂದು 2022ರಲ್ಲಿ ಅದನ್ನು ನಿಲ್ಲಿಸಲಾಯಿತು, ಹೊಸ ಲಸಿಕೆಯ ಕೆಲಸ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಕೈಯಲ್ಲಿದೆ. ಲಸಿಕೆಯ ಸಂಶೋಧನೆ, ಪ್ರಯೋಗ, ಪರವಾನಗಿ ಕೇಂದ್ರದ ವ್ಯಾಪ್ತಿಗೆ ಬರುವುದರಿಂದ ಇದು ದೆಹಲಿಯಲ್ಲೇ ಕೇಳಬೇಕಾದ ಪ್ರಶ್ನೆ. ಉಣುಗು ಕಚ್ಚುವ ಕಾಲ ಶುರುವಾಗುವುದು ಮಳೆ ನಿಂತು ಜನ ಸೌದೆಗೂ ದರಗಿಗೂ ಕಾಡಿಗೆ ಹೋಗತೊಡಗಿದ ಮೇಲೆ, ಡಿಸೆಂಬರಿನ ಹೊತ್ತಿಗೆ. ಹಳೆಯ ಲಸಿಕೆಯನ್ನು ತಿಂಗಳ ಅಂತರದಲ್ಲಿ ಎರಡು ಸಲ ಕೊಡಬೇಕಾಗಿದ್ದುದರಿಂದ ಆಗಸ್ಟಿನಲ್ಲೇ ಕೆಲಸ ಆರಂಭವಾಗುತ್ತಿತ್ತು. ಆದ್ದರಿಂದ ಚಳಿಗಾಲದ ಅಧಿವೇಶನದಲ್ಲಿ ಸಾವಿನ ಸುದ್ದಿ ಹಿಡಿದು ಶೂನ್ಯ ವೇಳೆಯಲ್ಲಿ ಮಾತಾಡುವುದಕ್ಕಿಂತ, ಜುಲೈಯ ಮಳೆಗಾಲದ ಅಧಿವೇಶನಕ್ಕೆ ಹದಿನೈದು ದಿನ ಮುಂಚೆ, ಹೊಸ ಲಸಿಕೆಯ ಪ್ರಯೋಗ ಯಾವ ಹಂತದಲ್ಲಿದೆ, ಯಾವ ತಾಲ್ಲೂಕುಗಳಿಗೆ ಯಾವ ತಿಂಗಳು ತಲುಪುತ್ತದೆ, ಅಲ್ಲಿಯವರೆಗೆ ಕಾಡಂಚಿನ ಮನೆಗಳಿಗೆ ಉಣುಗು ನಿವಾರಕ ತೈಲಕ್ಕೆ ಎಷ್ಟು ಹಣವಿದೆ ಎಂದು ಬರೆದುಕೊಡಿ ಎಂದು ನಿಮ್ಮ ಸಂಸದರಿಗೆ, ಅವರು ವೈದ್ಯರಿರಲಿ ಇಲ್ಲದಿರಲಿ, ಜೂನ್ ತಿಂಗಳಲ್ಲೇ ಒಂದು ಪತ್ರ ಹಾಕಿ.